ಉದ್ಯೋಗ: ಕೂಲಿ



ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಕಲ್ಲುಕೋರೆ, ಜಲ್ಲಿ ಕ್ರಷರ್, ರಸ್ತೆ ಕೆಲಸಕ್ಕೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಿ.

ಮರವಂತೆ ಆಸುಪಾಸಿನ ನಮ್ಮದೇ ಸಮುದಾಯದ ಒಬ್ಬ ಅಣ್ಣ. ವಯಸ್ಸು ಇನ್ನೂ 40 ದಾಟಿಲ್ಲ. ಹೆಸರು ಹಾಕುವುದಿಲ್ಲ, ಅವರು ಹೋದ ಆಸ್ಪತ್ರೆಗಳ ಹೆಸರನ್ನೂ ಹಾಕುವುದಿಲ್ಲ. ಅವರಿಗೆ ಇನ್ನೂ ಚಿಕಿತ್ಸೆ ಆಗಬೇಕಿದೆ, ಅದೇ ಬಾಗಿಲಿಗೆ ಮತ್ತೆ ಹೋಗಬೇಕಿದೆ. ಹದಿನೈದು ವರ್ಷಕ್ಕೂ ಹೆಚ್ಚು ಕಲ್ಲಿನ ಕೆಲಸ ಮಾಡಿದವರು. ಮೊದಲು ಕೋರೆಯಲ್ಲಿ ಬಂಡೆಗೆ ಕುಳಿ ಹೊಡೆಯುವ ಮೆಷಿನ್ ಹಿಡಿಯುತ್ತಿದ್ದರು, ಆಮೇಲೆ ಕ್ರಷರ್. ಒಂದೂವರೆ ವರ್ಷದ ಹಿಂದೆ ಎದೆಯ ಬಲಬದಿ ನೋವು ಶುರುವಾಯ್ತು.

ಮೊದಲನೇ ಡಾಕ್ಟ್ರು 'ಗ್ಯಾಸ್' ಅಂದ್ರು. ಬೆಳಿಗ್ಗೆ ಬರೀ ಹೊಟ್ಟೆಗೆ ತಗೊಳ್ಳುವ ಮಾತ್ರೆ ಕೊಟ್ಟರು. ಎರಡನೆಯವರು ಇಸಿಜಿ ಮಾಡಿಸಿ 'ಹಾರ್ಟ್ ಸರಿ ಇದೆ, ಭಾರ ಎತ್ತಿದ ನೋವು' ಅಂದ್ರು. ನೋವು ಹೋಗಲಿಲ್ಲ, ಗುಡ್ಡೆ ಹತ್ತುವಾಗ ದಮ್ಮು ಸೇರಿಕೊಂಡಿತು. ಮೂರನೇ ಕಡೆ ಎಕ್ಸ್‌ರೇ ನೋಡಿ 'ಟಿಬಿ ಇರಬಹುದು' ಅಂತ ಆರು ತಿಂಗಳ ಮಾತ್ರೆ. ಕಫದಲ್ಲಿ ಟಿಬಿ ಕ್ರಿಮಿ ಕಂಡಿರಲಿಲ್ಲ. ಕಾಣದಿದ್ದರೂ ಟಿಬಿ ಇರಬಹುದು, ಅದು ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆರು ತಿಂಗಳು ಒಂದು ದಿನ ತಪ್ಪದೆ ನುಂಗಿದರು. ನೋವು ಇದ್ದಲ್ಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಬಾವಿಯಿಂದ ನೀರು ಸೇದುವಾಗ ಎದೆಗೆ ಈಟಿ ಹೊಕ್ಕ ಹಾಗೆ ಆಗಿ, ಕೂತಲ್ಲಿಂದ ಏಳಲಿಲ್ಲ. ರಿಕ್ಷಾದಲ್ಲಿ ಹಾಕ್ಕೊಂಡು ಹೋದ್ರು. ಬಲಗಡೆಯ ಶ್ವಾಸಕೋಶ ಅರ್ಧ ಕುಸಿದಿದೆ ಅಂತ ಪಕ್ಕೆಯಲ್ಲಿ ತೂತು ಮಾಡಿ ನಳಿಗೆ ಹಾಕಿದ್ರು. ಒಂದು ವಾರದ ಮೇಲೆ ಮನೆಗೆ ಕಳಿಸಿದ್ರು. ಜೀವ ಉಳಿಸಿದ್ದಾರೆ. ಆ ರಾತ್ರಿ ಡ್ಯೂಟಿಯಲ್ಲಿದ್ದ ಎಳೆ ವಯಸ್ಸಿನ ಡಾಕ್ಟ್ರಿಗೆ ಆ ಮನೆಯವರು ಇವತ್ತಿಗೂ ಕೈಮುಗಿಯುತ್ತಾರೆ.

'ಎಂತ ಆದ್ದ್ ಅಂತ ಕೇಂಡ್ರ್ಯಾ?' ಅಂತ ನಾನು ಕೇಳಿದೆ.

'ಕೇಂಡೆ ಮಾರಾಯ್ರೆ. ಶ್ವಾಸಕೋಶ ಕುಸ್ದಿತ್ ಅಂದ್ರ್. ಯಾಕ್ ಕುಸ್ದದ್ ಅಂದ್ರೆ, ಒಬ್ಬೊಬ್ರಿಗೆ ಹಾಂಗೇ ಆತ್ತ್ ಅಂದ್ರ್.'

ಡಿಸ್ಚಾರ್ಜ್ ಕಾಗದ ನಾಲ್ಕು ಪುಟ ಇದೆ, ಪೂರಾ ಇಂಗ್ಲಿಷ್. ಬೀಡಿ ಎಷ್ಟು ಸೇದುತ್ತಾರೆ, ಎಷ್ಟು ವರ್ಷದಿಂದ ಸೇದುತ್ತಾರೆ ಅಂತ ಲೆಕ್ಕ ಸಮೇತ ಬರೆದಿದ್ದಾರೆ. ಕುಡಿಯುತ್ತಾರಾ, ಅದೂ ಇದೆ. 'ಉದ್ಯೋಗ' ಅಂತ ಇರುವ ಕಡೆ ಒಂದೇ ಒಂದು ಶಬ್ದ: ಕೂಲಿ.

ನನ್ನ ಜಗಳ ಇರುವುದು ಈ ಒಂದು ಶಬ್ದದ ಜೊತೆ.

ಯಾವ ಕೂಲಿ? ತೋಟದ ಕೂಲಿಯೋ, ಬಂದರಿನಲ್ಲಿ ಮೀನು ಹೊರುವ ಕೂಲಿಯೋ, ಕಲ್ಲು ಪುಡಿ ಮಾಡುವ ಕೂಲಿಯೋ? ಎದೆಯ ಕಾಯಿಲೆ ನೋಡುವವರಿಗೆ ಇದು ಬೇಡದ ಪ್ರಶ್ನೆಯಾ? 1700ರಲ್ಲಿ ಇಟಲಿಯ ಮೊಡೆನಾದಲ್ಲಿ ಬರ್ನಾರ್ಡಿನೊ ರಾಮಾಝಿನಿ ಅಂತ ಒಬ್ಬ ವೈದ್ಯ ಕೆಲಸಗಾರರ ಕಾಯಿಲೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. ಕಲ್ಲು ಕೆತ್ತುವವರು, ಗಣಿಯವರು, ಕಕ್ಕಸು ಗುಂಡಿ ಬಳಿಯುವವರು, ಎಲ್ಲರ ಬಳಿಯೂ ಹೋಗಿ ನೋಡಿ ಬರೆದ. ರೋಗಿಗೆ ಕೇಳುವ ಉಳಿದ ಪ್ರಶ್ನೆಗಳ ಜೊತೆ 'ನೀನು ಏನು ಕೆಲಸ ಮಾಡುತ್ತೀ' ಅನ್ನುವುದನ್ನೂ ಸೇರಿಸಿ ಅಂತ ವೈದ್ಯರಿಗೆ ಹೇಳಿದವನು ಅವನು. 300 ವರ್ಷ ಕಳೆದು ಹೋಗಿದೆ. ನಮ್ಮ ಕಡೆ ಆ ಪ್ರಶ್ನೆಗೆ ಇನ್ನೂ 'ಕೂಲಿ' ಅನ್ನೋದೇ ಉತ್ತರ.

ಶ್ವಾಸಕೋಶ ಕುಸಿಯುವುದು ಅಂದರೆ ಏನು ಅಂತ ನಾನು ತಿಳಿದವರ ಹತ್ತಿರ ಕೂತು ಕೇಳಿಕೊಂಡೆ. ನಿಮಗೂ ಹೇಳ್ತೇನೆ, ಯಾಕಂದ್ರೆ ಅದೇ ಒಂದು ಮಾತನ್ನು ಎರಡು ಬೇರೆ ಬೇರೆ ತೊಂದರೆಗೆ ಬಳಸ್ತಾರೆ. ಶ್ವಾಸಕೋಶ ಎದೆಗೂಡಿನ ಒಳಗೋಡೆಗೆ ತಾಗಿಕೊಂಡು ಹಿಗ್ಗಿ ನಿಂತಿರುತ್ತದೆ. ಅದರ ಮೇಲೆ ಎಲ್ಲಾದರೂ ಸಣ್ಣ ತೂತು ಬಿದ್ದರೆ ಒಳಗಿನ ಗಾಳಿ ಸೋರಿ, ಶ್ವಾಸಕೋಶಕ್ಕೂ ಗೋಡೆಗೂ ನಡುವೆ ತುಂಬಿಕೊಳ್ಳುತ್ತದೆ. ಸೈಕಲ್ ಟಯರಿಗೂ ಟ್ಯೂಬಿಗೂ ನಡುವೆ ಗಾಳಿ ಹೊಕ್ಕು ಟ್ಯೂಬು ಮುದುಡಿದ ಹಾಗೆ ಅಂದ್ಕೊಳ್ಳಿ. ಇದಕ್ಕೆ ನ್ಯೂಮೊಥೊರಾಕ್ಸ್ ಅಂತ ಹೆಸರು. ಫಕ್ಕನೆ ಬರುತ್ತದೆ, ಉಸಿರು ಎಳೆದರೆ ಚುಚ್ಚುತ್ತದೆ. ಸಣ್ಣದಾದರೆ ಆಕ್ಸಿಜನ್ ಕೊಟ್ಟು ಕಾದು ನೋಡ್ತಾರೆ, ದೊಡ್ಡದಾದರೆ ನಳಿಗೆ. ಇನ್ನೊಂದು ಬಗೆ ಬೇರೆ. ಗಾಳಿ ಹೋಗುವ ನಾಳವೇ ಕಫ, ಗಡ್ಡೆ ಅಥವಾ ಬಾತ ಗ್ರಂಥಿಯಿಂದ ಕಟ್ಟಿಕೊಂಡು, ಅದರ ಆಚೆಯ ಭಾಗ ಗಾಳಿಯಿಲ್ಲದೆ ಬತ್ತಿ ಹೋಗುವುದು. ಅದು ಅಟೆಲೆಕ್ಟಾಸಿಸ್. ರಿಪೋರ್ಟಿನಲ್ಲಿ 'ಭಾಗಶಃ ಕುಸಿತ' ಅಂತ ಕಂಡರೆ ಎರಡರಲ್ಲಿ ಯಾವುದು ಅಂತ ಮೊದಲು ಕೇಳಬೇಕು. ಎರಡಕ್ಕೂ ಕಾರಣ ಬೇರೆ, ಮದ್ದು ಬೇರೆ.

ನ್ಯೂಮೊಥೊರಾಕ್ಸ್ ಯಾವ ಕಾರಣವೂ ಕಾಣದೆ ಬರುವುದುಂಟು. ಉದ್ದಕ್ಕೆ ಸಪೂರ ಇರುವ ಪ್ರಾಯದ ಹುಡುಗರಿಗೆ, ಸಿಗರೇಟು ಬೀಡಿ ಸೇದುವವರಿಗೆ ಹೆಚ್ಚು. ಹಾಗಾಗಿ 'ಒಬ್ಬೊಬ್ಬರಿಗೆ ಹಾಗೇ ಆಗ್ತದೆ' ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ಶ್ವಾಸಕೋಶ ಮೊದಲೇ ಹಾಳಾದವರಲ್ಲೂ ಅದು ಬರುತ್ತದೆ. ಟಿಬಿಯಿಂದ, ಹಳೇ ದಮ್ಮಿನಿಂದ, ಮತ್ತೆ ಕಲ್ಲಿನ ಧೂಳಿನಿಂದ. 15 ವರ್ಷ ಬಂಡೆ ಕೊರೆದವನ ಎದೆ ಕುಸಿದಾಗ ಆ ಕೊನೆಯ ಕಾರಣವನ್ನು ಕೇಳದೇ ಬಿಡುವುದು ಹೇಗೆ?

ಗಟ್ಟಿ ಶಿಲೆಕಲ್ಲಿನಲ್ಲಿ ಸಿಲಿಕಾ ಇರುತ್ತದೆ. ಕೊರೆಯುವಾಗ, ಪುಡಿ ಮಾಡುವಾಗ ಏಳುವ ಧೂಳಿನಲ್ಲಿ ನಮಗೆ ಕಾಣುವುದು ದಪ್ಪ ಕಣ. ಅದು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ, ಉಗಿದರೆ ಹೋಗುತ್ತದೆ. ಕೊಲ್ಲುವ ಧೂಳು ಕಣ್ಣಿಗೆ ಕಾಣುವುದೇ ಇಲ್ಲ. ಅದು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂತು, ವರ್ಷಗಟ್ಟಲೆ ಗಾಯ ಮಾಡಿ, ಆ ಗಾಯವೆಲ್ಲ ಗಂಟು ಗಂಟಾಗಿ ಗಟ್ಟಿಯಾಗುತ್ತದೆ. ಇದು ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ ಧೂಳು ಕುಡಿದ ಮೇಲೆ ತೋರುತ್ತದೆ, ಧೂಳು ಜಾಸ್ತಿ ಇದ್ದರೆ ಐದು ವರ್ಷಕ್ಕೇ. ಕೆಲಸ ಬಿಟ್ಟ ಮೇಲೂ ಹೆಚ್ಚುತ್ತಾ ಹೋಗಬಹುದು. ಗುಣ ಮಾಡುವ ಮದ್ದಿಲ್ಲ. ಮುಖಕ್ಕೆ ಬೈರಾಸು ಸುತ್ತಿಕೊಂಡರೆ ಆ ಧೂಳು ನಿಲ್ಲುವುದಿಲ್ಲ. ನಮ್ಮ ಹುಡುಗರಿಗೆ ಕೊಟ್ಟಿರುವ ಒಂದೇ ರಕ್ಷಣೆ ಅವರೇ ಮನೆಯಿಂದ ತಂದ ಬೈರಾಸು.

ಇನ್ನೊಂದು ವಿಷಯ ಗಟ್ಟಿ ನೆನಪಿಡಿ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಮತ್ತೆ ಎಕ್ಸ್‌ರೇಯಲ್ಲಿ ಒಂದನ್ನು ಇನ್ನೊಂದು ಅಂತ ತಿಳಿಯುವುದೂ ಸುಲಭ. ಟಿಬಿ ಅಂತ ಬರೆದರೆ ಅದು ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ, ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ (2024ರ ನವೆಂಬರ್‌ವರೆಗೆ 500 ಇತ್ತು). ಒಳ್ಳೆಯದೇ, ಬೇಕಾದದ್ದೇ. ಆದರೆ ಟಿಬಿಗೆ ಯಾರೂ ಹೊಣೆಯಲ್ಲ. ಸಿಲಿಕೋಸಿಸ್ ಅಂತ ಬರೆದ ಕೂಡಲೇ ಒಬ್ಬ ಮಾಲೀಕ ಹೊಣೆ ಆಗ್ತಾನೆ. ಒಂದು ಇಲಾಖೆ ಉತ್ತರ ಕೊಡಬೇಕಾಗ್ತದೆ.

ಕಾನೂನು ಇಲ್ಲ ಅಂತಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಸಿಲಿಕೋಸಿಸ್ ಇತ್ತು. ಕಾರ್ಖಾನೆಯಲ್ಲಿ ದುಡಿದವನಿಗೆ ಅದು ಇದೆ ಅಂತ ವೈದ್ಯರಿಗೆ ಅನ್ನಿಸಿದರೂ ಸಾಕು, ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ತಡಮಾಡದೆ ಬರೆದು ತಿಳಿಸಬೇಕು ಅಂತ 89ನೇ ಕಲಂ ಹೇಳುತ್ತಿತ್ತು. ತಿಳಿಸುವುದು ವೈದ್ಯರ ಇಷ್ಟಕ್ಕೆ ಬಿಟ್ಟ ಮಾತಾಗಿರಲಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಸಿಲಿಕೋಸಿಸ್ ಮಾತ್ರ ಅಲ್ಲ, ಸಿಲಿಕೋಸಿಸ್ ಜೊತೆ ಸೇರಿ ಬರುವ ಟಿಬಿಯೂ ಇತ್ತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಈ ಹಳೇ ಕಾಯ್ದೆಗಳು ಅವುಗಳ ಒಳಗೆ ಸೇರಿದವು, ಸಿಲಿಕೋಸಿಸ್ ಪಟ್ಟಿಯಲ್ಲೇ ಉಳಿದಿದೆ. ಆದರೆ 'ಕಾರ್ಖಾನೆ' ಅನ್ನಿಸಿಕೊಳ್ಳಲು ಕರೆಂಟು ಬಳಸುವ ಕಡೆ 10 ಜನ ಸಾಕಿತ್ತು, ಈಗ 20 ಬೇಕು. ನಮ್ಮ ಕಡೆಯ ಕ್ರಷರ್‌ಗಳಲ್ಲಿ ಹಾಜರಿ ಪುಸ್ತಕ ಇದ್ದರೆ ಅದರಲ್ಲಿ ಎಷ್ಟು ಜನರ ಹೆಸರು ಇರುತ್ತದೆ ಅಂತ ನೀವೇ ಅಂದಾಜು ಮಾಡ್ಕೊಳ್ಳಿ.

ಇದೆಲ್ಲ ಎಲ್ಲೋ ಉತ್ತರ ಭಾರತದ ಕತೆ ಅಂದ್ಕೋಬೇಡಿ. ನಮ್ಮದೇ ಕರ್ನಾಟಕದ ಕೆಜಿಎಫ್. ಸಿನಿಮಾ ಬಿಡಿ, ನಿಜವಾದ ಕೋಲಾರದ ಗಣಿ. 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು. ನೆಲದಡಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ಆದಿದ್ರಾವಿಡರು, ನಮ್ಮವರೇ. 1940ರ ದಶಕದಲ್ಲಿ ಅಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರರಲ್ಲಿ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. 1954ರಲ್ಲಿ ಬಾಬಾಸಾಹೇಬರು ಆ ಊರಿಗೆ ಬಂದು ಹೋದರು. 2001ರಲ್ಲಿ ಗಣಿ ಮುಚ್ಚಿತು. ಅಂದರೆ ಈ ಕಾಯಿಲೆ ನಮ್ಮ ರಾಜ್ಯಕ್ಕೆ ಗೊತ್ತಾಗಿ 80 ವರ್ಷ ಆಯ್ತು. ಚಿನ್ನದ ಗಣಿಯಲ್ಲಿ ಬ್ರಿಟಿಷ್ ಕಂಪನಿಗೆ ಎಕ್ಸ್‌ರೇ ತೆಗೆಸಿ ಲೆಕ್ಕ ಹಾಕಲು ಆಗುವುದಾದರೆ, ಇವತ್ತು ಕುಂದಾಪುರ ಬೈಂದೂರಿನ ಕೋರೆಗಳಲ್ಲಿ ಯಾಕೆ ಆಗುವುದಿಲ್ಲ?

ಅಮೆರಿಕದಲ್ಲೂ ಹೀಗೇ ಆಗಿದೆ. 1930ರಲ್ಲಿ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಅನ್ನುವ ಕಡೆ ಬೆಟ್ಟ ಕೊರೆದು ಸುರಂಗ ಮಾಡಿದರು. ಒಳಗೆ ಇಳಿದವರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ದಕ್ಷಿಣದಿಂದ ಬಂದ ಕಪ್ಪು ಜನ. ನೂರಾರು ಮಂದಿ ಸಿಲಿಕಾ ಧೂಳಿಗೆ ಸತ್ತರು. ಕಂಪನಿ ಡಾಕ್ಟರುಗಳು ಅದಕ್ಕೆ 'ಟನಲೈಟಿಸ್' ಅಂತ ಇಲ್ಲದ ಒಂದು ಹೆಸರು ಕೊಟ್ಟರು. ನಮ್ಮಲ್ಲಿ 'ಗ್ಯಾಸ್' ಅಂತಾರೆ, ಅಷ್ಟೇ ವ್ಯತ್ಯಾಸ.

ಮಧ್ಯಪ್ರದೇಶದ ಆದಿವಾಸಿಗಳು ಗುಜರಾತಿನ ಗೋಧ್ರಾ ಕಡೆಯ ಕಲ್ಲುಪುಡಿ ಕಾರ್ಖಾನೆಗಳಿಗೆ ಹೋಗಿ ಸಾಯಲು ಕೂತ ಎದೆ ಹೊತ್ತು ಊರಿಗೆ ಬಂದರು. ಅವರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, ಸತ್ತ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2016ರ ಮೇ ತಿಂಗಳಲ್ಲಿ ಗುಜರಾತ್ ಸರ್ಕಾರಕ್ಕೆ ಆದೇಶ ಮಾಡಿತು. ರಾಜಸ್ಥಾನ 2019ರಲ್ಲಿ ಇದಕ್ಕಂತಲೇ ನೀತಿ ತಂದಿತು: ಕಾಯಿಲೆ ದೃಢವಾದರೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ. ಜೀವಕ್ಕೆ ಇದೇನು ಬೆಲೆ ಅಂತ ಕೇಳಬಹುದು. ಕೇಳಿ. ಆದರೆ ಮೊದಲು ಕಾಗದದಲ್ಲಿ ಕಾಯಿಲೆಯ ಹೆಸರು ಬರಬೇಕು. ಹೆಸರಿಲ್ಲದ ಕಾಯಿಲೆಗೆ ಯಾವ ಕೋರ್ಟೂ ಪರಿಹಾರ ಬರೆಯುವುದಿಲ್ಲ.

ಈಗ ಬೀಡಿ ವಿಷಯಕ್ಕೆ ಬರ್ತೇನೆ. ಕೋರೆ ಮಾಲೀಕರ ಹತ್ತಿರ ಮಾತಾಡಿದರೆ ಮೊದಲು ಬರುವುದೇ ಅದು. 'ಬೀಡಿ ಎಳಿತ್ರ್, ರಾತ್ರಿ ಕುಡಿತ್ರ್, ಮತ್ತೆ ನಮ್ಮ ಧೂಳಿನ ಮೇಲೆ ಹೇಳ್ತ್ರ್.' ಬೀಡಿ ಶ್ವಾಸಕೋಶ ಕೆಡಿಸುತ್ತದೆ. ಬಿಡಬೇಕು, ಅದರಲ್ಲೂ ಒಮ್ಮೆ ಶ್ವಾಸಕೋಶ ಕುಸಿದವರು ಇವತ್ತೇ ಬಿಡಬೇಕು, ಯಾಕಂದ್ರೆ ಸೇದುವವರಿಗೆ ಮತ್ತೆ ಮತ್ತೆ ಕುಸಿಯುವ ಅಪಾಯ ಹೆಚ್ಚು. ಆದರೆ ಬೀಡಿ ಸೇದದವರಿಗೂ ಸಿಲಿಕೋಸಿಸ್ ಬರುತ್ತದೆ. ಬೀಡಿಯ ಲೆಕ್ಕ ವರ್ಷ ಸಮೇತ ಬರೆದುಕೊಳ್ಳುವ ಪೆನ್ನು ಧೂಳಿನ ಲೆಕ್ಕ ಬರುವಾಗ ಯಾಕೆ ನಿಲ್ಲುತ್ತದೆ? ಬೀಡಿ ಅವನ ಚಟ, ಅದನ್ನು ಕೇಳಿದರೆ ತಪ್ಪು ಅವನದ್ದೇ ಆಗಿ ಮುಗಿಯುತ್ತದೆ. ಧೂಳು ಇನ್ನೊಬ್ಬರ ದುಡ್ಡು.

ಡಾಕ್ಟ್ರನ್ನು ಬೈದು ಪೋಸ್ಟ್ ಹಾಕುವುದು ಸುಲಭ, ಲೈಕೂ ಬರ್ತದೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಕೋಣೆ ಎದುರಿನ ಸಾಲನ್ನು ನಾನೂ ನೋಡಿದ್ದೇನೆ. ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗುವುದಿಲ್ಲ. ಉಡುಪಿ ಜಿಲ್ಲೆಯಾಗಿ 1997ಕ್ಕೆ, ಇಷ್ಟು ವರ್ಷವಾದರೂ ನಮಗೆ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿಲ್ಲ. ಸರ್ಕಾರಿ ದೊಡ್ಡಾಸ್ಪತ್ರೆ ಬೇಕಂದ್ರೆ ಮಂಗಳೂರಿನ ವೆನ್ಲಾಕಿಗೆ ಬಸ್ಸು ಹತ್ತಬೇಕು, ಮರವಂತೆಯಿಂದ 100 ಕಿಲೋಮೀಟರ್ ಮೇಲೆ. ಒಂದು ದಿನದ ಸಂಬಳ ಹೋಯ್ತು, ಜೊತೆಗೆ ಬಂದ ಹೆಂಡತಿಯ ಸಂಬಳವೂ ಹೋಯ್ತು. ಹಾಗಾಗಿಯೇ ನಮ್ಮವರು ಕೊನೇ ಗಳಿಗೆಯವರೆಗೆ ಹೋಗುವುದಿಲ್ಲ. ಆದರೆ ಸಾಲು ಉದ್ದ ಇರುವುದಕ್ಕೂ 'ಏನೋ, ನಿಂಗೆ ಎಷ್ಟು ದಿನದಿಂದ ಕೆಮ್ಮು' ಅಂತ ಏಕವಚನದಲ್ಲಿ ಮಾತಾಡಿಸುವುದಕ್ಕೂ ಸಂಬಂಧ ಇಲ್ಲ. ಹಿಂದೆ ನಿಂತ ಇಸ್ತ್ರಿ ಅಂಗಿಯವರಿಗೆ 'ಬನ್ನಿ ಕೂತ್ಕೊಳ್ಳಿ' ಆಗ್ತದಲ್ಲ. 'ಏನೋ' ಅನ್ನಿಸಿಕೊಂಡವನು ತಿರುಗಿ ಪ್ರಶ್ನೆ ಕೇಳ್ತಾನಾ? ತಲೆ ಬಗ್ಗಿಸಿ ಚೀಟಿ ತಗೊಂಡು ಬರ್ತಾನೆ.

ನಮ್ಮ ಹೆಣ್ಣುಮಕ್ಕಳದ್ದು ಇನ್ನೂ ಒಂದು ಮೆಟ್ಟಿಲು ಕೆಳಗೆ. ರಸ್ತೆ ಬದಿಯಲ್ಲಿ ತೆಂಗಿನ ಮಡ್ಲಿನ ನೆರಳು ಮಾಡ್ಕೊಂಡು ಸುತ್ತಿಗೆಯಲ್ಲಿ ಜಲ್ಲಿ ಒಡೆದ ಅಬ್ಬೆಯಂದಿರು ಎಷ್ಟು ಜನ ದಮ್ಮು ಹಿಡಿದು ಹೋದರು, ಲೆಕ್ಕ ಯಾರ ಹತ್ತಿರ ಇದೆ? ಇವತ್ತು ಹೆಂಗಸರು ಎದೆನೋವು ಅಂದ್ರೆ 'ಟೆನ್ಷನ್' ಅಂತ ಕಳಿಸ್ತಾರೆ.

ಮನೆಯವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಆ ಅಣ್ಣನ ಮನೆಯಲ್ಲಿ ಪ್ರಶ್ನೆ ಇಡಿಸಿದ್ದಾರೆ. ಜೋಯಿಸರಿಗೆ ದಕ್ಷಿಣೆ, ಆಮೇಲೆ ಪಾತ್ರಿ ಹತ್ತಿರ ದರ್ಶನ, ಹರಕೆ, ಕೋಳಿ. ಸಾಲ ಮಾಡಿ. ಅವರನ್ನು ನಾನು ಮೂಢರು ಅಂತ ಕರೆಯುವುದಿಲ್ಲ. ಅಲ್ಲಿ ಹೋದರೆ ಒಬ್ಬರು ಕೂತು ಅರ್ಧ ಗಂಟೆ ಕೇಳ್ತಾರೆ, ಏನೋ ಒಂದು ಕಾರಣ ಹೇಳ್ತಾರೆ. ಆಸ್ಪತ್ರೆಯಲ್ಲಿ ಅದೇ ಸಿಗಲಿಲ್ಲವಲ್ಲ. ಆದರೆ ಬಂಧುಗಳೇ, ಪ್ರಶ್ನೆ ಇಡುವ ಜಾಗ ಅದಲ್ಲ. ಡಾಕ್ಟ್ರ ಮೇಜಿನ ಮೇಲೆ ಇಡಿ. ಕಾರ್ಮಿಕ ಇಲಾಖೆಯ ಮೇಜಿನ ಮೇಲೆ ಇಡಿ.

ಏನಂತ ಕೇಳುವುದು? ನನ್ನ ಶ್ವಾಸಕೋಶ ಕುಸಿದದ್ದು ಗಾಳಿ ಸೋರಿಯೋ ನಾಳ ಕಟ್ಟಿಯೋ ಅಂತ ಕೇಳಿ. ಉಳಿದ ಶ್ವಾಸಕೋಶ ಹೇಗಿದೆ, ಗಂಟುಗಳು ಕಾಣ್ತಾ ಇವೆಯಾ, ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ. ಮತ್ತೆ ಕುಸಿಯುವ ಅಪಾಯ ಎಷ್ಟು, ನಾನು ಭಾರ ಎತ್ತಬಹುದಾ ಅಂತ ಕೇಳಿ. ಹೊಳೆಗೆ ಮುಳುಗಿ ಮರಳು, ಚಿಪ್ಪು ತೆಗೆಯುವ ನಮ್ಮ ಹುಡುಗರು ಇದನ್ನು ಕಡ್ಡಾಯ ಕೇಳಬೇಕು. ಒಮ್ಮೆ ಹೀಗೆ ಗಾಳಿ ಸೋರಿದವರು ನೀರಿನಡಿಗೆ ಮುಳುಗುವುದು ಜೀವಕ್ಕೇ ಅಪಾಯ. ಎಲ್ಲಕ್ಕಿಂತ ಮೊದಲು, ಅವರು ಕೇಳದಿದ್ದರೂ ನೀವೇ ಹೇಳಿ: 'ಡಾಕ್ಟ್ರೆ, ನಾನ್ ಇಷ್ಟ್ ವರ್ಷ ಕಲ್ಲಿನ ಧೂಳಗೆ ಕೆಲ್ಸ ಮಾಡಿದ್ದೆ. ಅದ್ನ್ ಬರ್ಕಣಿ.' ಬರೆದುಕೊಂಡರಾ ಅಂತ ನೋಡಿ. ಓದಲು ಬಾರದಿದ್ದರೆ ಓದುವ ಮಕ್ಕಳನ್ನು ಕರೆದುಕೊಂಡು ಹೋಗಿ.

ಕಾಗದ ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ. ವೈದ್ಯರ ನಡಾವಳಿಯ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಅದಿಲ್ಲದೆ ನೇರ ಖಾಸಗಿಗೆ ಹೋಗಿ ಕಿವಿಯ ಬೆಂಡೋಲೆ ಅಡ ಇಟ್ಟವರು ಎಷ್ಟು ಜನ.

ಮರವಂತೆ ಬೀಚಿಗೆ ಬಂದವರು ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ ಅಂತ ಫೋಟೋ ಹಾಕ್ತಾರೆ. ಚಂದ ಇದೆ, ನಮ್ಮೂರೇ ಅಲ್ವಾ. ಕಡಲ್ಕೊರೆತ ತಡೆಯಲು ಹಾಕಿದ ಆ ರಾಶಿ ಬಂಡೆಗಳ ಮೇಲೆ ನಿಂತೇ ಸೆಲ್ಫಿ. ಆ ಬಂಡೆ ಯಾವುದೋ ಕೋರೆಯಿಂದ ಒಡೆದು ಬಂದದ್ದು. ಆ ಹೆದ್ದಾರಿಯ ಅಡಿಯಲ್ಲಿ ಇರುವುದು ಯಾವುದೋ ಕ್ರಷರಿನ ಜಲ್ಲಿ. ಒತ್ತಿನೆಣೆ ಗುಡ್ಡ ಅಗೆದಾಗ ಮಣ್ಣು ಜರಿಯಿತು, ವಾಹನ ನಿಂತಿತು ಅಂತ ಪೇಪರಿನಲ್ಲಿ ಬಂತು. ಅಗೆದವರ ಎದೆ ಜರಿದದ್ದು ಯಾವ ಪೇಪರಿಗೂ ಬರಲಿಲ್ಲ. ಕೋರೆ ಮುಚ್ಚಿ ಅಂತ ನಾನು ಹೇಳ್ತಾ ಇಲ್ಲ, ಮುಚ್ಚಿದರೆ ಮೊದಲು ಹಸಿಯುವುದು ನಮ್ಮದೇ ಒಲೆ. ಕೊರೆಯುವಾಗ ನೀರು ಬಿಟ್ಟರೆ ಧೂಳು ಎಷ್ಟೋ ಇಳಿಯುತ್ತದೆ, ಇದು ಗೊತ್ತಿರುವ ವಿಷಯ. ಕ್ರಷರುಗಳ ಮೇಲೆ ಹಿಡಿತಕ್ಕೆ ಅಂತಲೇ ಕರ್ನಾಟಕದಲ್ಲಿ 2011ರ ಕಾಯ್ದೆ ಇದೆ. ಅದರಲ್ಲಿ ಲೈಸೆನ್ಸು ಕೊಡುವಾಗ ಊರಿನಿಂದ, ರಸ್ತೆಯಿಂದ ಎಷ್ಟು ದೂರ ಅಂತ ನೋಡ್ತಾರೆ. ಮೆಷಿನಿನ ಬಾಯಿಯಿಂದ ಒಂದು ಮಾರು ದೂರದಲ್ಲಿ ನಿಂತವನಿಂದ ಎಷ್ಟು ದೂರ ಅಂತಲೂ ನೋಡಬೇಕಲ್ಲ.

ಹಾಗಾಗಿ ನಾವು ಕೆಲವರು ಸೇರಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವುದು ಅಂತ ಮಾಡಿದ್ದೇವೆ. ಕೋರೆ, ಕ್ರಷರ್ ಕಾರ್ಮಿಕರಿಗೆಲ್ಲ ಎಕ್ಸ್‌ರೇ ಮತ್ತು ಉಸಿರಿನ ಪರೀಕ್ಷೆಯ ಶಿಬಿರ ಆಗಬೇಕು. ಆ ಫಿಲ್ಮ್‌ಗಳನ್ನು ಕಲ್ಲಿನ ಧೂಳಿನ ಕಾಯಿಲೆ ಗುರುತಿಸಲು ತರಬೇತಿ ಇರುವವರಿಂದ ಓದಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲೇ ಇದೆ, ಅವರನ್ನು ಕರೆಸಲಿ. ಬಾಗಲಕೋಟೆ, ಕೊಪ್ಪಳ, ಒಡಿಶಾ ಕಡೆಯಿಂದ ಬಂದು ಶೆಡ್ಡಿನಲ್ಲಿರುವ ಕಾರ್ಮಿಕರನ್ನೂ ಸೇರಿಸಬೇಕು, ಅವರು ಕಾಯಿಲೆ ಬಿದ್ದ ಕೂಡಲೇ ಊರಿಗೆ ಹೋಗಿಬಿಡ್ತಾರೆ, ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಆ ಅಣ್ಣನಿಗೆ ಸಿಲಿಕೋಸಿಸ್ಸೇ ಇದೆ ಅಂತ ನಾನು ಹೇಳ್ತಾ ಇಲ್ಲ, ನಾನು ಡಾಕ್ಟ್ರಲ್ಲ. ಇಲ್ಲ ಅಂತಾದರೆ ನೋಡಿ, ಪರೀಕ್ಷೆ ಮಾಡಿ, ಇಲ್ಲ ಅಂತ ಬರೆದು ಕೊಡಲಿ.

ಮನವಿಯ ಜೊತೆ ಲೆಕ್ಕ ಬೇಕು. ನಿಮ್ಮ ಮನೆಯಲ್ಲಿ ಅಥವಾ ಕಾಲೊನಿಯಲ್ಲಿ ಕಲ್ಲಿನ ಕೆಲಸ ಮಾಡಿ ಎದೆನೋವು, ದಮ್ಮು ಇರುವವರು, ಟಿಬಿ ಮಾತ್ರೆ ಎರಡು ಮೂರು ಸಲ ತಿಂದವರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಕಮೆಂಟಿನಲ್ಲಿ ಯಾರ ಹೆಸರೂ ಹಾಕಬೇಡಿ. ಯಾವ ಕೆಲಸ, ಎಷ್ಟು ವರ್ಷ, ಯಾವಾಗಿಂದ ನೋವು, ಇಷ್ಟು ಬರೆದರೆ ಸಾಕು. ತೀರಿಹೋದವರ ಕಾಗದ ಇದ್ದರೆ ಅದೂ ಬೇಕು. ಹಳೇ ಎಕ್ಸ್‌ರೇ ಫಿಲ್ಮ್‌ಗಳನ್ನು ಗ್ರಹಣ ನೋಡಲು ಅಂತ ಮಕ್ಕಳ ಕೈಗೆ ಕೊಡಬೇಡಿ, ಮಡಚಬೇಡಿ, ಮಾಡಿನ ಸೋರಿಕೆಗೆ ಸಿಗದ ಹಾಗೆ ಎತ್ತಿಡಿ. ಹೊಸದರ ಪಕ್ಕ ಹಳೆಯದನ್ನು ಇಟ್ಟು ನೋಡಿದರೇ ಎಷ್ಟು ಹಾಳಾಗಿದೆ ಅಂತ ಗೊತ್ತಾಗುವುದು.

ಜೈಭೀಮ್.